ಎರಡು ಕಡೆಯೂ ತಾವರೆ

ನಮ್ಮ ಮನೆಯ ಮಹಾಲಕ್ಷ್ಮಿ ವರ್ಷದಲ್ಲಿ ಒಂದು ದಿನ ಬಿಟ್ಟು ಉಳಿದಷ್ಟೂ ದಿನ ಪೌಡರ್ ಡಬ್ಬಿಯೊಳಗೆ ಇರುತ್ತಿದ್ದಳು. ರಾಜಾಜಿನಗರದ ಆ ಮನೆಗೆ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ದೇವರಮನೆ ಅಂತ ಬೇರೆ ಇರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಸೇರಿಸಿದ್ದ ಕಡಪಾ ಕಲ್ಲೇ ದೇವರಮನೆ. ಒಗ್ಗರಣೆ ಹಾಕಿದಾಗೆಲ್ಲ ನಮ್ಮ ದೇವರುಗಳು ಕೆಮ್ಮುತ್ತವೆ ಅಂತ ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ, ಅಜ್ಜಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಆ ಕಲ್ಲಿನ ಕೆಳಗೆ, ಎಣ್ಣೆ ಸೀಸೆಯ ಪಕ್ಕದಲ್ಲಿ ಡಬ್ಬಿ. ಡಬ್ಬಿಯ ತುಂಬ ಇಪ್ಪತ್ತು ಪೈಸೆಗಳು. ಆಗ ಚಲಾವಣೆಯಲ್ಲಿದ್ದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಗೆ ಒಂದು ಕಡೆ ಸಿಂಹದ ಲಾಂಛನ, ಇನ್ನೊಂದು ಕಡೆ ಅರಳಿದ ತಾವರೆ. ತಾವರೆ ಇದ್ದ ಮೇಲೆ ಅದು ಲಕ್ಷ್ಮಿಯ ಕಾಸಲ್ಲದೆ ಇನ್ನೇನು? ವರಮಹಾಲಕ್ಷ್ಮಿ ಹಬ್ಬದ ದಿನ ಅಂಥ ನೂರೆಂಟು ಕಾಸುಗಳಿಂದ, ಒಂದೊಂದು ಹೆಸರಿಗೆ ಒಂದೊಂದರಂತೆ, ದೇವಿಗೆ ಅರ್ಚನೆ ಮಾಡಬೇಕು ಅನ್ನುವುದು ನಮ್ಮ ಸಾಲಿನ ಹೆಂಗಸರಲ್ಲಿ ಅದು ಹೇಗೋ ಹಬ್ಬಿಬಿಟ್ಟಿತ್ತು. ಅದರಲ್ಲಿ ಚೂರು ಚಿನ್ನ ಬೆರೆಸಿದ್ದಾರೆ ಅನ್ನುವ ಸುದ್ದಿಯೂ ಜೊತೆಗೇ ಹಬ್ಬಿತ್ತು. ಸೊಪ್ಪಿನವಳ ಹತ್ತಿರ, ಬಸ್ ಕಂಡಕ್ಟರನ ಹತ್ತಿರ ಬೇಡಿ ಬೇಡಿ ಅಜ್ಜಿ ಅಷ್ಟನ್ನು ಕೂಡಿಸುವುದಕ್ಕೆ ನಾಲ್ಕು ವರ್ಷ ಹಿಡಿದಿತ್ತು.

ಅಜ್ಜಿ ಅಂದರೆ ಅಪ್ಪನ ತಾಯಿ. ಬ್ಯಾಡರಹಳ್ಳಿಯ ರಾಗಿ ಹೊಲದಲ್ಲಿ ಬೆಳೆದವಳು, ಮಾತಿನಲ್ಲಿ ಕುಡುಗೋಲು. ಪೂಜೆಗೆ ಕೂರುತ್ತಿದ್ದವಳು ಅಮ್ಮ, ಪೂಜೆಯನ್ನು ನಡೆಸುತ್ತಿದ್ದವಳು ಅಜ್ಜಿ. ಆ ಕಾಸುಗಳಿಗೆ ಅಜ್ಜಿ ಮಾಡಿದ್ದ ಕಾನೂನು ಒಂದೇ: ತಾವರೆ ಯಾವಾಗಲೂ ಮೇಲೆ ಇರಬೇಕು. ತೊಳೆಯುವಾಗ, ಒರೆಸುವಾಗ, ಡಬ್ಬಿಗೆ ಇಳಿಸುವಾಗ ಯಾವಾಗಲೂ. ನಾನು ಒಂದು ಸಲ ಸಿಂಹ ಮೇಲೆ ಮಾಡಿ ಇಟ್ಟಿದ್ದಕ್ಕೆ ತಲೆಗೆ ಮೊಟಕಿದ್ದಳು.

"ಲಕ್ಷ್ಮಿನ ಬೋರಲು ಹಾಕ್ತಾರೇನೇ? ಮನೆ ಬೋರಲು ಬೀಳ್ತದೆ."

ಹಾಗಾಗಿ ನಮ್ಮ ಮನೆಯಲ್ಲಿ ಅಷ್ಟು ವರ್ಷ ಯಾರೂ ಒಂದು ತಾವರೆ ಕಾಸನ್ನೂ ತಿರುಗಿಸಿ ನೋಡಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೇ ಮೂಲ. ನನಗಾಗ ಹನ್ನೆರಡು ವರ್ಷ. ಆ ವರ್ಷ ಸವೆದುಹೋಗಿದ್ದ ಹತ್ತು ಕಾಸುಗಳನ್ನು ತೆಗೆದು ಹತ್ತು ಹೊಸದನ್ನು ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಗಡಿ ಅಂಗಡಿ ಸುತ್ತಿ ಹೊಳೆಯುವಂಥವನ್ನೇ ಆರಿಸಿ ತಂದೆ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಅಮ್ಮ ಹುಣಸೆಹಣ್ಣಿಗೆ ಉಪ್ಪು ಹಾಕಿ ಕಿವುಚಿ, ದೊಡ್ಡ ಬೋಗುಣಿಯಲ್ಲಿ ಅಷ್ಟೂ ಕಾಸುಗಳನ್ನು ನೆನೆಹಾಕಿದಳು. ಅರ್ಧ ಗಂಟೆ ಬಿಟ್ಟು ತೆಗೆದು ತೊಳೆದರೆ ಕಾಸು ಥಳಥಳ. ಅವತ್ತು ಒಬ್ಬಟ್ಟಿಗೆ ಬೇಳೆ ಬೇರೆ ಬೇಯಿಸಬೇಕಿತ್ತು, ಅವಸರ. ಕಾಸು ತೆಗೆದ ಮೇಲೆ ಬೋಗುಣಿಯನ್ನು ಹುಣಸೆ ಹಿಪ್ಪೆಯ ಸಮೇತ ಬಚ್ಚಲ ಮೂಲೆಗೆ ತಳ್ಳಿದಳು. ತಳದಲ್ಲಿ ಒಂದು ಕಾಸು ಅಂಟಿಕೊಂಡು ಉಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕೈದು ಹೆಚ್ಚಿನ ಕಾಸು ಹೇಗೂ ಇರುತ್ತಿದ್ದವು, ನೂರೆಂಟಕ್ಕೆ ತತ್ವಾರವಾಗಲಿಲ್ಲ.

ಹಬ್ಬದ ಬೆಳಿಗ್ಗೆ ಅಪ್ಪ ಪುಸ್ತಕ ಹಿಡಿದು ಒಂದೊಂದೇ ಹೆಸರು ಓದುವುದು, ನಾನು ತಟ್ಟೆಯಿಂದ ಒಂದೊಂದೇ ಕಾಸು ಎತ್ತಿ ಕೊಡುವುದು, ಅಮ್ಮ ಅದನ್ನು ಕಲಶದ ಮುಂದೆ ಏರಿಸುವುದು. ಎಪ್ಪತ್ತನೆಯದೋ ಎಪ್ಪತ್ತೊಂದನೆಯದೋ ಇರಬೇಕು, ಅರಿಶಿನ ಮೆತ್ತಿದ್ದ ನನ್ನ ಬೆರಳಿನಿಂದ ಕಾಸು ಜಾರಿ ನೆಲಕ್ಕೆ ಬಿದ್ದು ಬೋರಲಾಯಿತು. ಮೊಟಕು ಬೀಳುವ ಮೊದಲೇ ಎತ್ತಿಕೊಳ್ಳೋಣ ಅಂತ ಬಗ್ಗಿದೆ. ಸಿಂಹ ಇರಬೇಕಾದ ಜಾಗದಲ್ಲಿ ಸಿಂಹ ಇರಲಿಲ್ಲ. ಅಲ್ಲೂ ತಾವರೆಯೇ ಇತ್ತು, ಆದರೆ ಉಬ್ಬಿದ ತಾವರೆಯಲ್ಲ. ಒಳಕ್ಕೆ ತಗ್ಗಾಗಿ ಕೊರೆದ ತಾವರೆ. ಇಪ್ಪತ್ತರ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿತ್ತು. ತಿರುಗಿಸಿ ನೋಡಿದೆ: ಈ ಕಡೆ ಎಲ್ಲ ಕಾಸಿನಲ್ಲಿರುವಂಥ ಒಳ್ಳೆಯ ಉಬ್ಬಿದ ತಾವರೆ. ನನಗೆ ಪೂಜೆ ಮರೆತುಹೋಯಿತು.

"ಅಪ್ಪಾ, ನಿಲ್ಸಿ. ಇದ್ರಲ್ಲಿ ಎರಡು ಕಡೆನೂ ತಾವರೆ ಇದೆ."

ಅಪ್ಪ ನಿಲ್ಲಿಸಿದರು. ಅಜ್ಜಿ ಕಾಸನ್ನು ಕಿತ್ತುಕೊಂಡು ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ ಮುಖ ಕಿವುಚಿದಳು. ಮುಕ್ಕಾದ ವಿಗ್ರಹ, ಒಡೆದ ಶಂಖ, ಇವೆಲ್ಲ ಭಿನ್ನ. ಭಿನ್ನವಾದದ್ದಕ್ಕೆ ಪೂಜೆ ಇಲ್ಲ, ಅದನ್ನು ನೀರಿಗೆ ಬಿಡಬೇಕು. ಬಾಗಿಲಿಗೆ ಒರಗಿ ನಿಂತಿದ್ದ ಚಿಕ್ಕಪ್ಪ ಕಾಸನ್ನು ಇಸಿದುಕೊಂಡ. ಅವನು ಅಪ್ಪನ ತಮ್ಮ. ಕಾಮಾಕ್ಷಿಪಾಳ್ಯದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ. ಕಬ್ಬಿಣ ಹಿತ್ತಾಳೆಯ ವಿಷಯದಲ್ಲಿ ಮನೆಯಲ್ಲಿ ಅವನ ಮಾತೇ ಕೊನೆ.

"ಇದು ವೈಸಲ್ಲಿ ಒತ್ತಿರೋದು. ಎರಡು ಕಾಸು ಜೋಡ್ಸಿ ತಿರುಪಿದ್ರೆ ಒಂದರ ಅಚ್ಚು ಇನ್ನೊಂದಕ್ಕೆ ಬೀಳತ್ತೆ," ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಹೊಸ ಕಾಸು ತಂದವಳು ನಾನು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಿಕ್ಕಪ್ಪನಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದವಳೂ ನಾನು. ಬೇಸಿಗೆಯಲ್ಲಿ ಅದೇ ಶೆಡ್ಡಿನ ವೈಸಿಗೆ, ಅಂದರೆ ಮೇಜಿಗೆ ಬಿಗಿದಿರುವ, ವಸ್ತುಗಳನ್ನು ಕಚ್ಚಿ ಹಿಡಿಯುವ ಕಬ್ಬಿಣದ ಯಂತ್ರಕ್ಕೆ, ಸೋಡಾ ಮುಚ್ಚಳ ಕೊಟ್ಟು ಚಪ್ಪಟೆ ಮಾಡಿ ಗಿರಿಗಿಟ್ಟಲೆ ಮಾಡಿಕೊಂಡವಳೂ ನಾನೇ. ಸಾಕ್ಷಿ ಬೇರೆ ಬೇಕೇ?

"ನಾನು ಮಾಡಿಲ್ಲ ಅಜ್ಜಿ."

"ಇನ್ಯಾರು ಮಾಡ್ತಾರೆ, ಇಲಿ ಮಾಡ್ತದಾ? ಲಕ್ಷ್ಮಿ ಮುಖಕ್ಕೆ ಗುದ್ದಿ, ಮೇಲೆ ಸುಳ್ಳು ಬೇರೆ. ಮುಟ್ಬೇಡ ಇನ್ನು ಆ ತಟ್ಟೆನ."

ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು. ಯಾವುದೇ ವಿಷಯಕ್ಕೂ ತೀರ್ಪು ಕೊಡದೆ ಕಡತವನ್ನು ಮುಂದಕ್ಕೆ ಕಳಿಸುವುದು ಅವರ ಜಾಯಮಾನ. "ಆಮೇಲೆ ವಿಚಾರಿಸೋಣ" ಅಂತ ಎಪ್ಪತ್ತೆರಡನೆಯ ಹೆಸರಿಗೆ ಹೋದರು. ಉಳಿದ ಕಾಸುಗಳನ್ನು ಎತ್ತಿಕೊಟ್ಟವನು ಚಿಕ್ಕಪ್ಪ. ನಾನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅವತ್ತಿನ ಒಬ್ಬಟ್ಟನ್ನು ತಿನ್ನಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ತಿಂದೆ, ಅಳುತ್ತಲೇ ತಿಂದೆ. ಆದರೆ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಸಾಲಿನ ಹೆಂಗಸರಿಗೆಲ್ಲ ಅಜ್ಜಿ ಕಥೆ ಹೇಳುತ್ತಾ ಹೋದಳು. ಹತ್ತು ಮನೆಯ ಹೆಂಗಸರು ತಾಂಬೂಲದ ಜೊತೆ ಅದನ್ನೂ ಕಟ್ಟಿಕೊಂಡು ಹೋದರು. ಮಾರನೆಯ ದಿನ ನಲ್ಲಿಯ ಹತ್ತಿರ ನಾನು ಬಿಂದಿಗೆ ಇಟ್ಟರೆ, ಲಕ್ಷ್ಮಿಗೆ ಗುದ್ದಿದ ಹುಡುಗಿ ಬಂದಳು ನೋಡು ಅಂತ ಪಿಸುಗುಟ್ಟುವುದು ಕೇಳಿಸಿತು. ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ನನಗೆ ಅಭ್ಯಾಸವಿತ್ತು, ಅದರಲ್ಲಿ ಒಂಥರಾ ನೆಮ್ಮದಿಯೂ ಇರುತ್ತಿತ್ತು. ಮಾಡದ ತಪ್ಪು ಬೇರೆಯೇ. ಇನ್ನು ಮೇಲೆ ನಾನು ನಿಜ ಹೇಳಿದರೂ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ ಅನ್ನಿಸಿ ನನಗೆ ನಿಜವಾಗಿಯೂ ಭಯವಾಯಿತು.

ಅಜ್ಜಿ ಆ ಕಾಸಿಗೆ ಕುಂಕುಮ ಹಚ್ಚಿ, ಬಟ್ಟೆ ಚೂರಿನಲ್ಲಿ ಕಟ್ಟಿ, ಕಡಪಾ ಕಲ್ಲಿನ ಮೇಲಿಟ್ಟಳು. ಮುಂದಿನ ಭಾನುವಾರ ತವರಿಗೆ ಹೋಗುವವಳಿದ್ದಳು. ಬ್ಯಾಡರಹಳ್ಳಿಯ ಕೆರೆಗೆ ಬಿಟ್ಟುಬರುತ್ತೇನೆ ಅಂದಳು. ನನಗೆ ಉಳಿದದ್ದು ಎಂಟು ದಿನ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಪವಾಡ ಆಯಿತು. ಹಬ್ಬದ ಮರುದಿನ ಅಮ್ಮ ಬಚ್ಚಲಲ್ಲಿ ಬೋಗುಣಿ ತೊಳೆಯುವಾಗ ಒಣಗಿದ ಹುಣಸೆ ಹಿಪ್ಪೆಯ ಕೆಳಗೆ ಆ ಉಳಿದ ಕಾಸು ಸಿಕ್ಕಿತು. ಹಳದಿ ಕಾಸಲ್ಲ, ಕೆಂಪು ಕಾಸು. ಹೊಸ ತಾಮ್ರದ ಚೊಂಬಿನಷ್ಟು ಕೆಂಪು. ಸ್ನಾನಕ್ಕೆ ಬಂದ ಚಿಕ್ಕಪ್ಪ ಅದನ್ನು ನೋಡಿದ್ದೇ ತಡ, ಮೈಮೇಲೆ ನೀರು ಹಾಕಿಕೊಳ್ಳುವುದನ್ನೂ ಮರೆತು ನಡುಮನೆಗೆ ಓಡಿಬಂದ. ಟಂಕಸಾಲೆಯವರು ಹಿತ್ತಾಳೆ ತಗಡು ಅಂತ ತಿಳಿದು ತಾಮ್ರದ ತಗಡಿಗೆ ಅಚ್ಚು ಹಾಕಿಬಿಟ್ಟಿದ್ದಾರೆ, ಇಂಥದ್ದು ಲಕ್ಷಕ್ಕೊಂದು ಸಿಗುವುದಿಲ್ಲ, ನಾಣ್ಯ ಕೂಡಿಸುವವರು ಇದಕ್ಕೆ ಕೈಕಾಲು ಹಿಡಿಯುತ್ತಾರೆ ಅಂದ. ಅವನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಅಜ್ಜಿ ಆ ಕೆಂಪು ಕಾಸನ್ನು ಕಣ್ಣಿಗೆ ಒತ್ತಿಕೊಂಡಳು. ಚಿಕ್ಕಪ್ಪನಿಗೆ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ಮೇಷ್ಟ್ರು ಒಬ್ಬರು ನಿವೃತ್ತರಾಗಿ ವಿಜಯನಗರದಲ್ಲಿದ್ದರು. ಅವರಿಗೆ ನಾಣ್ಯದ ಹುಚ್ಚು. ಮುಂದಿನ ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ತಿಂಡಿಗೆ ಬರುವುದೆಂದು ನಿಶ್ಚಯವಾಯಿತು. ನನ್ನ ಕಾಸು ಭಿನ್ನ, ಚಿಕ್ಕಪ್ಪನ ಕಾಸು ಭಾಗ್ಯ. ನನಗೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ತಲೆ ಓಡಿತು.

ಬುಧವಾರ ನೆನೆಹಾಕಿದ್ದು, ಶನಿವಾರ ಸಿಕ್ಕಿದ್ದು. ಮೂರು ದಿನ ಹುಣಸೆಹುಳಿಯಲ್ಲಿ ಬಿದ್ದಿದ್ದ ಕಾಸು ಮಾತ್ರ ಯಾಕೆ ಕೆಂಪಗಾಯಿತು? ಹೋದ ವರ್ಷ ಹಿತ್ತಾಳೆ ದೀಪವನ್ನು ಹುಳಿಯಲ್ಲಿ ಮರೆತಾಗ ಅದೂ ಕೆಂಪು ತಿರುಗಿತ್ತು, ಅಮ್ಮ ಬೂದಿ ಹಾಕಿ ತಿಕ್ಕಿ ಸರಿ ಮಾಡಿದ್ದಳು. ಸೊಪ್ಪಿನವಳ ಹತ್ತಿರ ಹೋಗಿ ನನ್ನ ಚಿಲ್ಲರೆ ಕೊಟ್ಟು ಮೂರು ಇಪ್ಪತ್ತು ಪೈಸೆ ಬದಲಾಯಿಸಿಕೊಂಡೆ. ಒಂದನ್ನು ತೆಂಗಿನ ಚಿಪ್ಪಿನಲ್ಲಿ ಹುಣಸೆ ಉಪ್ಪಿನ ಜೊತೆ ಹಾಕಿ ಸೌದೆಯ ಹಿಂದೆ ಅಡಗಿಸಿದೆ. ಉಳಿದೆರಡು ಕಾಸು ಶನಿವಾರ ಕ್ಯಾರಿಯರಿನ ಜೊತೆ ಕಾಮಾಕ್ಷಿಪಾಳ್ಯಕ್ಕೆ ಹೊರಟವು.

ಆ ಶೆಡ್ಡಿನಲ್ಲಿ ವೈಸಿನ ಮೇಜು ದಸ್ತಗೀರ್ ಸಾಬರದು. ಮೆಹಂದಿ ಹಚ್ಚಿದ ಗಡ್ಡ, ಎಡಗೈಯ ಒಂದು ಬೆರಳು ಅರ್ಧ. ಚಿಕ್ಕಪ್ಪ ಮುದ್ದೆ ಮುರಿಯುತ್ತಾ ಹೊರಗೆ ಕೂತಿದ್ದಾಗ ನಾನು ಅವರ ಮುಂದೆ ಎರಡು ಕಾಸು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಒಂದರ ತಾವರೆಯ ಎದುರಿಗೆ ಇನ್ನೊಂದರ ಸಿಂಹ ಇಟ್ಟು ಒತ್ತಿಕೊಡಿ ಅಂದೆ. ಅವರು ನಗಲಿಲ್ಲ. ಕಾಸುಗಳನ್ನು ಜೋಡಿಸಿ, ವೈಸಿನ ಹಿಡಿಗೆ ಉದ್ದದ ಪೈಪು ತೊಡಿಸಿ, ಮೈಯೆಲ್ಲ ಹಾಕಿ ತಿರುಪಿದರು. ಬಿಚ್ಚಿ ಕೊಟ್ಟಾಗ ಸಿಂಹದ ಮೇಲೆ ತಾವರೆಯ ಗೆರೆಗಳು ತಗ್ಗಾಗಿ ಬಿದ್ದಿದ್ದವು. ಚಿಕ್ಕಪ್ಪ ಹೇಳಿದ್ದೇ ಸರಿ ಹಾಗಾದರೆ?

"ಪೂರಾ ನೋಡು ಬೇಟಿ," ಅಂದರು ಸಾಬರು. "ಸಿಂಹ ಹೋಯ್ತಾ? ಇಲ್ಲ. ಅಡೀಲಿ ಇನ್ನೂ ಕಾಣ್ತದೆ. ಈಗ ಬೆನ್ನು ತಿರುಗ್ಸು."

ತಿರುಗಿಸಿದೆ. ಬೆನ್ನಿನ ತಾವರೆ ಚಪ್ಪಟೆಯಾಗಿ ಹೋಗಿತ್ತು, ಅದರ ಮೇಲೆಲ್ಲ ವೈಸಿನ ಹಲ್ಲುಗಳ ಗುರುತು. ಅಂಚು ಒಂದು ಕಡೆ ಉಬ್ಬಿತ್ತು.

"ಮುಖಕ್ಕೆ ಒತ್ತಿದ್ರೆ ಬೆನ್ನು ಹೇಳ್ತದೆ. ಕಬ್ಬಿಣ, ಹಿತ್ತಾಳೆ ಸುಳ್ಳು ಹೇಳಲ್ಲ, ಬೇಟಿ. ಕೇಳೋರು ಬೇಕು."

ಮುಂದೆ ನಾನು ಒಂದು ಕಾರ್ಖಾನೆಯ ತಪಾಸಣೆ ವಿಭಾಗ ಸೇರಿ, ಗಂಡಸರೇ ತುಂಬಿದ್ದ ಆ ಕೋಣೆಯಲ್ಲಿ ಜೀವಮಾನ ಪೂರ್ತಿ ಕೆಲಸ ಮಾಡಿದೆ. ಎದುರಿಗೆ ಬಂದ ಪ್ರತಿ ಭಾಗವನ್ನೂ ಮೊದಲು ಬೆನ್ನು ತಿರುಗಿಸಿ ನೋಡುವ ನನ್ನ ಚಟಕ್ಕೆ ಅಲ್ಲಿ ಎಲ್ಲರೂ ನಗುತ್ತಿದ್ದರು. ಅದು ಯಾವ ಡಿಪ್ಲೊಮಾದಲ್ಲೂ ಕಲಿತದ್ದಲ್ಲ, ಆ ಶನಿವಾರದ್ದು. ಶೆಡ್ಡಿನಿಂದ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಮ್ಮ ಕಾಸಿನಲ್ಲಿ ತಗ್ಗಿನ ತಾವರೆಯ ಅಡಿಯಲ್ಲಿ ಸಿಂಹದ ಒಂದು ಗೆರೆಯೂ ಇರಲಿಲ್ಲ. ಬೆನ್ನಿನ ತಾವರೆಗೆ ಒಂದು ಎಸಳೂ ಮುಕ್ಕಾಗಿರಲಿಲ್ಲ. ಮುಕ್ಕಾಗಿದ್ದರೆ ಹೊಳೆಯುವುದನ್ನು ಆರಿಸಿ ತಂದ ದಿನವೇ ನನ್ನ ಕಣ್ಣಿಗೆ ಬೀಳುತ್ತಿತ್ತಲ್ಲ. ಅದನ್ನು ಯಾರೂ ಒತ್ತಿಲ್ಲ, ಅದು ಹುಟ್ಟಿದ್ದೇ ಹಾಗೆ. ಖುಷಿಗೆ ನಾನು ಖಾಲಿ ಕ್ಯಾರಿಯರನ್ನು ಎಷ್ಟು ಬೀಸಿದೆನೆಂದರೆ ತಿಳಿಸಾರಿನ ಡಬ್ಬಿಯ ಮುಚ್ಚಳ ಹಾರಿ ಚರಂಡಿಗೆ ಬಿತ್ತು. ಅದಕ್ಕೂ ಬೈಸಿಕೊಂಡೆ. ಆ ಬೈಗುಳ ಸಿಹಿಯಾಗಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಭೂತಗನ್ನಡಿ. ಅಕ್ಕಿರೊಟ್ಟಿ ತಿಂದು, ಕಾಫಿ ಕುಡಿದು, ಕೈ ಒರೆಸಿಕೊಂಡು ಕೆಂಪು ಕಾಸನ್ನು ಹಿಡಿದು ನೋಡಿದರು. ಅಜ್ಜಿ ಹೊರಡುವ ಸೀರೆ ಉಟ್ಟು, ಕಾಸಿನ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಇದೊಂದು ಆಗಿಹೋಗಲಿ ಅಂತ ಬಾಗಿಲ ಹತ್ತಿರ ಕೂತಿದ್ದಳು. ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು. ಒಳಗೆ ಹೋಗಿ ಸ್ಟೀಲ್ ತಟ್ಟೆ ತಂದು ಮೇಷ್ಟ್ರ ಮುಂದೆ ಇಟ್ಟೆ. ತಟ್ಟೆಯಲ್ಲಿ ಇನ್ನೊಂದು ಕೆಂಪು ಕಾಸಿತ್ತು.

"ಇದೆಲ್ಲಿತ್ತೇ?" ಅಂದ ಚಿಕ್ಕಪ್ಪ.

"ನಾನೇ ಮಾಡಿದ್ದು. ಹುಣಸೆಹುಳಿಲಿ ನಾಕು ದಿನ ಹಾಕಿಟ್ಟಿದ್ದೆ." ಒಲೆಯ ಬೂದಿ ತಂದಿದ್ದೆ. ತೆಂಗಿನ ನಾರಿನಿಂದ ಎಲ್ಲರೆದುರು ನನ್ನ ಕಾಸನ್ನು ತಿಕ್ಕಿದೆ. ಕೆಂಪು ಹೋಗಿ ಹಳದಿ ಬಂತು.

ಚಿಕ್ಕಪ್ಪನ ಮುಖ ನೋಡುವುದಕ್ಕೆ ಆಗಲಿಲ್ಲ. ಅವನು ದೊಡ್ಡವನು ಅಂತ ನಾನು ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ: ಮೇಷ್ಟ್ರ ಕೈಯಿಂದ ತನ್ನ ಲಕ್ಷಕ್ಕೊಂದನ್ನು ಇಸಿದುಕೊಂಡು, ಬೂದಿಗೆ ಅದ್ದಿ, ತಾನೇ ತಿಕ್ಕಿದ. ಹಳದಿ. ಜೋರಾಗಿ ನಕ್ಕ.

"ಅತ್ಗೆ, ನಿಮ್ ಹುಣಸೆಹಣ್ಣು ನನ್ ಮರ್ಯಾದೆ ತೆಗೀತು," ಅಂದ.

ನಾನು ಅಲ್ಲಿಗೆ ಬಿಡಲಿಲ್ಲ. ವೈಸಿನಲ್ಲಿ ಒತ್ತಿದ ಕಾಸನ್ನು ಮೇಷ್ಟ್ರಿಗೆ ಕೊಟ್ಟೆ. ಅಡಿಯ ಸಿಂಹ, ಬೆನ್ನಿನ ಹಲ್ಲಿನ ಗುರುತು, ಉಬ್ಬಿದ ಅಂಚು, ಮೂರನ್ನೂ ತೋರಿಸಿದೆ. ಆಮೇಲೆ ಅಜ್ಜಿಯ ಕಡೆ ತಿರುಗಿ ಗಂಟು ಬಿಚ್ಚು ಅಂದೆ. ಅಜ್ಜಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೆರೆಗೆ ಅಂತ ಎತ್ತಿಟ್ಟದ್ದನ್ನು ಬಿಚ್ಚುವುದಿಲ್ಲ ಅಂದಳು.

"ನೋಡಿ ಕೊಟ್ಬಿಡ್ತೀನಿ ತಾಯಿ," ಅಂದರು ಮೇಷ್ಟ್ರು. "ಹುಡುಗಿ ಇಷ್ಟು ಕಷ್ಟಪಟ್ಟಿದೆ."

ಅಜ್ಜಿ ನನ್ನನ್ನೇ ನೋಡುತ್ತಾ ನಿಧಾನವಾಗಿ ಗಂಟು ಬಿಚ್ಚಿದಳು. ಮೇಷ್ಟ್ರು ಕುಂಕುಮ ಒರೆಸಿ, ಕಿಟಕಿಯ ಬೆಳಕಿಗೆ ಹೋಗಿ, ಭೂತಗನ್ನಡಿ ಹಿಡಿದರು. ಈ ಕಡೆ ನೋಡಿದರು, ಆ ಕಡೆ ನೋಡಿದರು, ಅಂಚಿನ ಸುತ್ತ ಉಗುರು ಆಡಿಸಿದರು, ಒತ್ತಿದ ಕಾಸನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದರು. ಕಾಸನ್ನು ಅಂಗೈಯಲ್ಲೇ ಹಿಡಿದುಕೊಂಡು ಬಂದು ಕೂತರು. ಟಂಕಸಾಲೆಯಲ್ಲಿ ಒಂದು ಕಾಸು ಸಿಂಹದ ಅಚ್ಚಿಗೇ ಅಂಟಿಕೊಂಡು ಉಳಿದುಬಿಡುತ್ತದೆ, ಅದರ ಮೇಲೆಯೇ ಮುಂದಿನ ಬಿಲ್ಲೆ ಬಂದು ಕೂತಾಗ ಸಿಂಹದ ಅಚ್ಚು ತಗಲುವುದೇ ಇಲ್ಲ, ಅಂಟಿಕೊಂಡ ಕಾಸಿನ ತಾವರೆ ಒಳಮುಖವಾಗಿ ಮೂಡುತ್ತದೆ ಅಂತ ವಿವರಿಸಿದರು. ನಲವತ್ತು ವರ್ಷದಿಂದ ನಾಣ್ಯ ನೋಡುತ್ತಿದ್ದರೂ ಇಂಥದ್ದನ್ನು ಕೈಯಲ್ಲಿ ಹಿಡಿದದ್ದು ಇವತ್ತೇ ಅಂದರು.

"ಆ ಕಾಸುಗಳೆಲ್ಲ ಹೊರಗೆ ಬಂದ್ಮೇಲೆ ಕೆಟ್ಟಿದ್ದು, ಇದು ಟಂಕಸಾಲೆಲೇ ಆದ ತಪ್ಪು. ವ್ಯತ್ಯಾಸ ಕಂಡುಹಿಡಿದಿದ್ದು ನಾನಲ್ಲ, ಈ ಹುಡುಗಿ."

"ಹಂಗಾದ್ರೆ ಭಿನ್ನ ಅಲ್ವಾ ಇದು?" ಕೇಳಿದಳು ಅಜ್ಜಿ.

"ಯಾರಾದ್ರೂ ಮುಕ್ಕು ಮಾಡಿದ್ರೆ ಭಿನ್ನ. ಇದು ಹುಟ್ಟಿದ್ದೇ ಹೀಗೆ ತಾಯಿ. ಯಾರ ಕೈನೂ ತಾಗಿಲ್ಲ."

ಮೇಷ್ಟ್ರು ಅದನ್ನು ಕೊಳ್ಳುವ ಮಾತೆತ್ತಿದರು. ಲಕ್ಷ್ಮಿನ ಮಾರ್ತಾರಾ ಅಂತ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದಳು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ತಮ್ಮ ಜೀವಮಾನದಲ್ಲಿ ಬಹುಶಃ ಮೊದಲ ಸಲ, ವಿಚಾರಿಸದೆ ತೀರ್ಪು ಕೊಟ್ಟರು: "ಪಮ್ಮಿ ಹೇಳಿದ್ದೇ ನಿಜ." ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೆ ಇನ್ನೊಂದು ರೊಟ್ಟಿ ತಟ್ಟುವುದಕ್ಕೆ ಹೋದಳು. ನಾನು ಗೆದ್ದಿದ್ದೆ. ಮೈ ಎಲ್ಲ ಹಗುರ, ನಿಂತಲ್ಲಿ ನಿಲ್ಲಲಾಗದಷ್ಟು ಸಂತೋಷ. ಆದರೆ ಅಜ್ಜಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿಗೆ ಹೊರಟಳು ಅಂದುಕೊಂಡೆ.

"ಬಾರೇ," ಅಂದು ನನ್ನ ಕೈ ಹಿಡಿದಳು.

ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಪಕ್ಕದ ಮನೆಯ ಗೇಟು ತಟ್ಟಿದಳು. ಬಾಗಿಲು ತೆರೆದ ಹೆಂಗಸಿಗೆ, ಒಳಗೆ ಬನ್ನಿ ಅನ್ನುವುದಕ್ಕೂ ಬಿಡದೆ ಹೇಳಿದಳು.

"ಹಬ್ಬದ ದಿನ ಒಂದು ಮಾತು ಹೇಳಿದ್ನಲ್ಲ, ಅದು ಸುಳ್ಳು. ನಮ್ಮುಡುಗಿ ಮಾಡಿರ್ಲಿಲ್ಲ."

ಅಷ್ಟೇ. ಮುಂದಿನ ಮನೆ. ಅಲ್ಲೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಿಸಿಲು ಏರುತ್ತಿತ್ತು, ಅವಳಿಗೆ ಮಂಡಿ ನೋವು, ಮೆಟ್ಟಿಲಿದ್ದ ಕಡೆ ನನ್ನ ಭುಜ ಹಿಡಿದು ಹತ್ತುತ್ತಿದ್ದಳು. ಯಾವ ಮನೆಯನ್ನೂ ಬಿಡಲಿಲ್ಲ. ನಾಲ್ಕನೆಯ ಮನೆಯ ಹೊತ್ತಿಗೆ ನನಗೇ ಸಂಕೋಚವಾಗಿ, ಸಾಕು ಬಾ ಅಜ್ಜಿ ಅಂದೆ. ಹೇಳುವಾಗ ಹತ್ತು ಮನೆಗೂ ಹೇಳಿದೀನಿ ಕಣೇ ಅಂದಳು. ಕೊನೆಯ ಮನೆಯಾಕೆ, ನಲ್ಲಿಯ ಹತ್ತಿರ ಪಿಸುಗುಟ್ಟಿದವಳು, ನಗುತ್ತಾ ನನ್ನ ಗಲ್ಲ ಹಿಂಡಿ, "ಹೋಗ್ಲಿ ಬಿಡಿ ಅಜ್ಜಿ, ಮಕ್ಕಳು ತಪ್ಪು ಮಾಡೋದು ಇದ್ದಿದ್ದೇ," ಅಂದಳು.

ಅಜ್ಜಿ ಆ ಕೈಯನ್ನು ನನ್ನ ಗಲ್ಲದಿಂದ ಮೆಲ್ಲಗೆ ತೆಗೆದಳು.

"ತಪ್ಪು ಮಾಡಿದ್ದು ಮಗು ಅಲ್ಲ ಕಣಮ್ಮ, ನಾನು. ಅದನ್ನೇ ಹೇಳಕ್ಕೆ ಬಂದಿದೀನಿ."